ಅಕ್ಕ ಜಾರದ ಗುಡ್ಡ

ಅಕ್ಕನ ಬೆರಳ ತುದಿ ವರ್ಷವಿಡೀ ತಣ್ಣಗಿರುತ್ತಿತ್ತು. ಬೆಳಿಗ್ಗೆ ನಾನು ಏಳದಿದ್ದರೆ ಅವಳು ಕೂಗುತ್ತಿರಲಿಲ್ಲ. ಬಂದು ಎರಡು ಬೆರಳನ್ನು ನನ್ನ ಕುತ್ತಿಗೆಯ ಹಿಂಬದಿಗೆ ಇಡುತ್ತಿದ್ದಳು. ನಾನು ಹಾವು ಮುಟ್ಟಿದವನ ಹಾಗೆ ಎದ್ದು ಕೂರುತ್ತಿದ್ದೆ. "ಹ್ವಾಯ್ ಹೈದ, ಹೊತ್ ಏರ್ತ್" ಎಂದು ನಗುತ್ತಿದ್ದಳು. ಕಿಟಕಿಯಾಚೆ, ಲಂಡನ್ನಿನ ಅಂಚಿನ ಫೆಲ್ಥಮ್ಮಿನ ಆಕಾಶ ಬೂದಿ ಬಣ್ಣದಲ್ಲೇ ಇರುತ್ತಿತ್ತು. ಏರಿದ ಹೊತ್ತು ಎಲ್ಲಿತ್ತೋ ಅವಳಿಗೇ ಗೊತ್ತು.

ಆ ತಣ್ಪು ಅವಳ ಕೆಲಸದ್ದು. ವಿಮಾನಗಳಿಗೆ ಊಟ ಕಟ್ಟುವ ದೊಡ್ಡ ಅಡುಗೆಮನೆಯೊಂದರಲ್ಲಿ ಅವಳಿಗೆ ಸಂಜೆ ಪಾಳಿ. ಫ್ರಿಜ್ಜಿನ ಹಾಗಿರುವ ಕೋಣೆಯಲ್ಲಿ ನಿಂತು ಟ್ರೇಗಳಲ್ಲಿ ಸೌತೆಕಾಯಿ, ಟೊಮೇಟೊ ಜೋಡಿಸಬೇಕು. ಮನೆಯ ಮೇಲೆ ವಿಮಾನ ಹಾರಿದಾಗಲೆಲ್ಲ ಕತ್ತೆತ್ತಿ, "ನಾನ್ ಕಟ್ಟದ್ ಊಟ ದಿನಾ ಊರ್ ಬದಿಗ್ ಹೋತ್ತ್. ನಾನ್ ಮಾತ್ರ ಇಲ್ಲೇ ಬಾಕಿ" ಎನ್ನುವಳು. ದುಃಖದಿಂದ ಅಂದಳೋ ತಮಾಷೆಗೆ ಅಂದಳೋ ತಿಳಿಯುತ್ತಿರಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ನಾನು ಹೋಗಲಿಲ್ಲ.

ನಮ್ಮೂರು ಕುಂದಾಪುರದ ಕಡಲ ಬದಿ. ಮನೆಯ ಹಿಂದೆ ಮರಳಿನ ದಿಬ್ಬವಿತ್ತು. ಚಿಕ್ಕಂದಿನಲ್ಲಿ, ಬಿದ್ದ ತೆಂಗಿನ ಮಡಲಿನ ಮೇಲೆ ನನ್ನನ್ನು ಕೂರಿಸಿ ಅವಳು ಎಳೆದುಕೊಂಡು ದಿಬ್ಬ ಇಳಿಯುತ್ತಿದ್ದಳು. ಕೆಳಗೆ ಹೋದ ಮೇಲೆ ಮಡಲನ್ನು ಮತ್ತೆ ಮೇಲಕ್ಕೆ ಹೊರುವವಳೂ ಅವಳೇ. ನಾನು ಕೂರುವವನು, ಅವಳು ಎಳೆಯುವವಳು. ಒಂದು ಸಲವಾದರೂ ನೀನು ಕೂತುಕೋ ಎಂದು ನಾನು ಹೇಳಿದ ನೆನಪಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಊರೂರು ತಿರುಗುತ್ತಿದ್ದ ನನ್ನನ್ನು, ಮದುವೆಯಾಗಿ ಭಾವನ ಜೊತೆ ಲಂಡನ್ನಿಗೆ ಹೋದ ಮೇಲೆ, ಅಲ್ಲಿಗೆ ಎಳೆದುಕೊಂಡವಳೂ ಅವಳೇ. ಅವಳ ಮನೆಯ ಚಿಕ್ಕ ಕೋಣೆ ನನ್ನದಾಯಿತು, ಅವಳ ಅಡುಗೆ ನನ್ನದಾಯಿತು.

ತೊಂಬತ್ತರ ದಶಕದ ನಡುವೆ ನನಗೆ ಒಂದು ಸ್ಕೀ ಗುಡ್ಡದಲ್ಲಿ ಕೆಲಸ ಸಿಕ್ಕಿತು. ಹಿಮದ ಗುಡ್ಡವಲ್ಲ. ಕಟ್ಟಡದ ಮಣ್ಣುಕಲ್ಲು ಒಟ್ಟಿ ಮಾಡಿದ ದಿಬ್ಬ; ಅದರ ಮೇಲೆ ಹಲ್ಲುಜ್ಜುವ ಬ್ರಷ್ಷಿನಂಥ ಪ್ಲಾಸ್ಟಿಕ್ ಎಳೆಗಳ ಚಾಪೆ ಹಾಸಿ, ನೀರು ಚಿಮುಕಿಸಿ, ಬೂಟಿಗೆ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಜನ ಜಾರುತ್ತಿದ್ದರು. ಸಂಜೆಯಾದರೆ ದೊಡ್ಡ ದೀಪಗಳು ಹೊತ್ತಿಕೊಂಡು ಗುಡ್ಡ ಬೆಳ್ಳಗೆ ಹೊಳೆಯುತ್ತಿತ್ತು. ಬಂದವರಿಗೆ ಬೂಟು ಕೊಡುವುದು, ಕೈಗೆ ಗ್ಲೌಸು ಇದೆಯೇ ನೋಡುವುದು ನನ್ನ ಕೆಲಸ. ಬರಿಗೈಯಲ್ಲಿ ಬಿದ್ದರೆ ಆ ಚಾಪೆಯ ಕಣ್ಣಿನಲ್ಲಿ ಹೆಬ್ಬೆರಳು ಸಿಕ್ಕಿ ಮುರಿಯುತ್ತಿತ್ತು.

ಒಂದು ಶನಿವಾರ ನಾನು ಡಬ್ಬಿ ಮರೆತು ಹೋಗಿದ್ದೆ. ಮಧ್ಯಾಹ್ನ ಬೂಟಿನ ಕೋಣೆಯ ಬಾಗಿಲಲ್ಲಿ "ಹ್ವಾಯ್!" ಎಂಬ ಕೂಗು. ಸೀರೆಯ ಮೇಲೆ ಭಾವನ ಕೋಟು ಹಾಕಿಕೊಂಡು, ಡಬ್ಬಿ ಎತ್ತಿ ಹಿಡಿದು ಅಕ್ಕ ನಿಂತಿದ್ದಳು. ನೀರ್ ದೋಸೆ, ಬಂಗ್ಡೆ ಸಾರು. ಜೊತೆಗೆ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಹುಡುಗ ಎದ್ದು, ನೂರಾರು ಕಾಲುಗಳ ನಾತಕ್ಕೆ ಎಂದೂ ತೆರೆಯದ ಕಿಟಕಿಯನ್ನು ತೆರೆದ. ಅಕ್ಕ ಅದನ್ನು ನೋಡಿದಳು. ನಾನು ಅವಳನ್ನು ಹೊರಗೆ ಕರೆದುಕೊಂಡು ಬಂದೆ.

ಅವಳ ಕಣ್ಣು ಗುಡ್ಡದ ಮೇಲಿತ್ತು. ಮಕ್ಕಳು ಕಿರುಚುತ್ತಾ ಜಾರುತ್ತಿದ್ದರು.

"ಮಡ್ಲ್ ನೆನಪಿತ್ತಾ ನಿಂಗೆ?" ಎಂದಳು. "ನಾನೂ ಒಂದ್ ಸಲ ಜಾರ್ಕ್ ಮರಾಯಾ. ಕಲ್ಸಿ ಕೊಡ್ತ್ಯಾ?"

"ಕಾಂಬ" ಎಂದೆ; ನೋಡೋಣ ಎಂದಷ್ಟೇ.

ಒಳಗೆ ಬಂದಾಗ ಆ ಹುಡುಗ, "ಯಾರು, ನಿಮ್ಮಮ್ಮನಾ?" ಎಂದು ಕೇಳಿದ.

"ಅಲ್ಲ, ಲ್ಯಾಂಡ್‌ಲೇಡಿ" ಎಂದೆ.

"ಬಾಡಿಗೆಯಲ್ಲಿ ಮೀನೂ ಸೇರಿದೆಯಾ?" ಎಂದ ಅವನು. ನಾನು ನಕ್ಕೆ. ಅವನಿಗಿಂತ ಜೋರಾಗಿ ನಕ್ಕೆ.

ಮುಂದಿನ ವಾರ ಅಡುಗೆಮನೆಯ ಮೊಳೆಯಲ್ಲಿ ಹೊಸ ಕೆಂಪು ಉಣ್ಣೆಯ ಗ್ಲೌಸು ತೂಗುತ್ತಿತ್ತು. "ಹೆಬ್ಬೆಟ್ಟ್ ಮುರಿತ್ತ್ ಅಂದಿದ್ಯಲೆ, ಅದ್ಕೆ" ಎಂದಳು. ನಾನು ಇವತ್ತು ಮಳೆ ಎಂದೆ, ಇನ್ನೊಂದು ದಿನ ಶಾಲೆಗೆ ರಜೆ, ಜನ ಜಾಸ್ತಿ ಎಂದೆ. ಅವಳು ಬಂದರೆ, ನನ್ನ ಹೆಸರು ಹಿಡಿದು ಕೂಗಿದರೆ, ನಾನು ತನ್ನ ತಮ್ಮ ಎಂದು ಎಲ್ಲರಿಗೂ ಹೇಳಿಕೊಂಡರೆ? ಅದಕ್ಕೆ ಒಂದು ದಿನ ಅವಳ ಮುಖ ನೋಡದೆ ಹೇಳಿಬಿಟ್ಟೆ.

"ಅಕ್ಕ, ಆ ಗುಡ್ಡ ಮುಚ್ಚಿ ಹೋಯ್ತ್."

"ಹೌದಾ?" ಅವಳು ದೋಸೆ ಮಗುಚುತ್ತಿದ್ದವಳು ನಿಂತಳು. "ಅಯ್ಯೋ, ನಿನ್ ಕೆಲ್ಸ?"

ನಾನು ಅದನ್ನು ಯೋಚಿಸಿರಲೇ ಇಲ್ಲ. ಬೇರೆ ಕಡೆ ಸಿಕ್ಕಿದೆ ಎಂದೆ. ಮರುದಿನ ಮೊಳೆಯಲ್ಲಿ ಗ್ಲೌಸು ಇರಲಿಲ್ಲ. ಆಮೇಲೆಯೂ ನಾನು ಅದೇ ಗುಡ್ಡಕ್ಕೆ ಹೋಗುತ್ತಿದ್ದೆ, ಅವಳು ಕಟ್ಟಿದ ಡಬ್ಬಿಯನ್ನೇ ಒಯ್ಯುತ್ತಿದ್ದೆ. ಒಂದು ವ್ಯತ್ಯಾಸವಾಗಿತ್ತು: ಡಬ್ಬಿಗೆ ಅವಳು ಮೀನು ಹಾಕುವುದನ್ನು ಬಿಟ್ಟಿದ್ದಳು. ನನಗೆ ಆಗ ಸಮಾಧಾನವಾಯಿತೇ ಹೊರತು ಯಾಕೆ ಎಂದು ಹೊಳೆಯಲಿಲ್ಲ.

ಮುಂದೆ ನಾನು ಲಂಡನ್ನಿನಲ್ಲೇ ಕೆಂಟನ್ನಿನ ಒಂದು ಹೋಟೆಲಿನ ಅಡುಗೆಮನೆ ಸೇರಿದೆ, ಬೇರೆ ಮನೆ ಮಾಡಿದೆ. ಹೊಸ ಶತಮಾನ ಬಂದು ಕೆಲವು ವರ್ಷಕ್ಕೆ ಗುಡ್ಡ ನಿಜವಾಗಿಯೂ ಮುಚ್ಚಿತು. ಅದಾಗಿ ಎರಡು ಮೂರು ವರ್ಷಕ್ಕೆ ಅಕ್ಕನ ಹೃದಯ ಸೋತಿತು. ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಕೆಲಸ ಬಿಟ್ಟು ಮನೆಯಲ್ಲಿದ್ದಳು. ಒಂದು ಭಾನುವಾರ ನೋಡಲು ಹೋದಾಗ ಆಗಲೇ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಕೂತಿದ್ದಳು.

"ನಿನ್ ಗುಡ್ಡ ಕಾಂಬುಕ್ ಹೋಪ" ಎಂದಳು.

ಬೇಲಿ ಒಂದು ಕಡೆ ಹರಿದಿತ್ತು. ಮುಳ್ಳಿನ ಬಳ್ಳಿ ಸರಿಸಿ ಅವಳನ್ನು ಒಳಗೆ ದಾಟಿಸಿದೆ. ಬೂಟಿನ ಕೋಣೆಯ ಮಾಡು ಕುಸಿದಿತ್ತು. ಆ ಕಿಟಕಿಗೆ ಗಾಜಿರಲಿಲ್ಲ. ಒಂಟಿ ಬೂಟೊಂದರೊಳಗೆ ಹುಲ್ಲು ಬೆಳೆದಿತ್ತು. ಜನರನ್ನು ಮೇಲಕ್ಕೆ ಎಳೆಯುತ್ತಿದ್ದ ಲಿಫ್ಟಿನ ತಂತಿ ಜೋತುಬಿದ್ದಿತ್ತು. ಬ್ರಷ್ಷಿನ ಚಾಪೆಯ ಮೇಲೆ ಹಸಿರು ಪಾಚಿ. ಅಕ್ಕ ಎಲ್ಲವನ್ನೂ ಮದುವೆಮನೆಗೆ ಬಂದವಳ ಹಾಗೆ ನಿಧಾನವಾಗಿ ನೋಡಿದಳು. ನನ್ನ ತೋಳು ಹಿಡಿದು, ನಿಂತು ನಿಂತು, ಸ್ವಲ್ಪ ದೂರ ಹತ್ತಿದಳು. ಮೇಲಿನವರೆಗೆ ಆಗಲಿಲ್ಲ. ಕೋಟಿನ ಜೇಬಿಗೆ ಕೈ ಹಾಕಿ ಕೆಂಪು ಗ್ಲೌಸು ತೆಗೆದಳು. ಎರಡನ್ನೂ ಕೂಡಿಸಿ ಹೊಲಿದ ಅಂಗಡಿಯ ದಾರ ಇನ್ನೂ ಹಾಗೇ ಇತ್ತು. ಹಲ್ಲಿನಿಂದ ಕಡಿದು ಹಾಕಿಕೊಂಡಳು.

ಪ್ಲಾಸ್ಟಿಕ್ ಡಬ್ಬದ ಮುಚ್ಚಳವೊಂದು ಬಿದ್ದಿತ್ತು. ಅದರ ಮೇಲೆ ಕೂತು, "ಎಳಿ ಕಾಂಬ" ಎಂದಳು.

ಎಳೆದೆ. ಒಣಗಿದ ಎಳೆಗಳು ಅವಳ ಸೀರೆಯನ್ನು, ಕೋಟನ್ನು ಹಿಡಿದುಕೊಂಡವು. ಒಂದು ಮಾರು ಜಾರಿರಬಹುದು. ನೀರಿಲ್ಲದೆ ಆ ಗುಡ್ಡ ಯಾರನ್ನೂ ಜಾರಿಸುವುದಿಲ್ಲ. ಅಕ್ಕ ಉಸಿರು ಕಟ್ಟುವವರೆಗೂ ನಕ್ಕಳು. ನಾನು ಅವಳ ಪಕ್ಕ ಕೂತೆ.

"ನೀ ಮುಚ್ಚಿತ್ ಅಂದ್ಯಲೆ," ಎಂದಳು, "ಆವತ್ ಸಂಜಿಗೂ ಇಲ್ಲಿ ದೀಪ ಉರಿತಿತ್ತ್. ನನ್ ಬಸ್ಸ್ ಇದೇ ರಸ್ತಿಯಗೆ ಹೋಪ್ದ್."

ಅವಳ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಅಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ದಿನಾ ಸಂಜೆ ಆ ಬೆಳಕನ್ನು ನೋಡುತ್ತಲೇ ಅವಳು ಆ ತಣ್ಣನೆಯ ಕೋಣೆಗೆ ಹೋಗಿದ್ದಾಳೆ.

"ಮತ್ತೆ ಆವತ್ತೇ ನನ್ ಹತ್ರ ಕೇಂಬುಕಾಗ್ದಾ ಅಕ್ಕ?"

"ಕೇಂಡ್ರೆ ನೀ ಇನ್ನೊಂದ್ ಸುಳ್ಳ್ ಹೇಳ್ಕಾತಿತ್ತ್. ಒಂದ್ ಹೇಳುಕೇ ನಿನ್ ಮೋರೆ ಸಣ್ಣ ಆಯಿತ್ತ್, ಪಾಪ."

ಲ್ಯಾಂಡ್‌ಲೇಡಿ ಎಂದದ್ದನ್ನು ಆಗ ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಅವಳು ಒಂದು ಗ್ಲೌಸು ಕಳಚಿ, ಎರಡು ಬೆರಳನ್ನು ನನ್ನ ಕುತ್ತಿಗೆಯ ಹಿಂದೆ ಇಟ್ಟಳು. ಕೆಲಸ ಬಿಟ್ಟು ಅಷ್ಟು ದಿನವಾಗಿದ್ದರೂ ತಣ್ಣಗೇ ಇದ್ದವು. "ಏಳ್, ಹೊತ್ ಏರ್ತ್" ಎಂದಳು. ನಾನು ಎದ್ದೆ.

ಆ ಚಳಿಗಾಲವನ್ನು ಅವಳು ದಾಟಲಿಲ್ಲ.

ಈಗಲೂ ಕೆಲವು ಭಾನುವಾರ ಆ ಹರಿದ ಬೇಲಿಯ ಬಳಿ ಹೋಗಿ ನಿಲ್ಲುತ್ತೇನೆ. ಒಂದು ದಿನ ನಾಯಿ ಹಿಡಿದು ಹೋಗುತ್ತಿದ್ದ ಮುದುಕರೊಬ್ಬರು, ಇಲ್ಲಿ ಏನಾದರೂ ಕಳೆದುಕೊಂಡಿರಾ ಎಂದು ವಿಚಾರಿಸಿದರು. ಇಲ್ಲ, ಹಿಂದೆ ಇಲ್ಲಿ ಕೆಲಸ ಮಾಡುತ್ತಿದ್ದೆ ಎಂದೆ. ಅವರು ತಲೆಯಾಡಿಸಿ ಮುಂದೆ ಹೋದರು. ನಾನು ಹಿಂದಿನಿಂದ ಕೂಗಿ ನಿಲ್ಲಿಸಿದೆ.

"ನನ್ನ ಅಕ್ಕ," ಎಂದೆ. "ಒಂದು ಸಲ ಇಲ್ಲಿಗೆ ನನಗೆ ಊಟ ತಂದಿದ್ದಳು."