ಹೆಬ್ಬೆರಳು ಒತ್ತಿದ ಮಧ್ಯಾಹ್ನ

ಹೊಸೂರಿನ ನಮ್ಮ ಕಾರ್ಖಾನೆಯಲ್ಲಿ ಶಿಫ್ಟ್ ಬದಲಾಗುವಾಗ ಒಂದು ಪದ್ಧತಿಯಿತ್ತು. ಮನೆಗೆ ಹೊರಟವನೂ ಕೆಲಸಕ್ಕೆ ಬಂದವನೂ ಯಂತ್ರದ ಮೈಮೇಲೆ ಒಟ್ಟಿಗೆ ಅಂಗೈಯಿಟ್ಟು ನಿಲ್ಲಬೇಕು. ಎಲ್ಲಿ ಬಿಸಿ, ಎಲ್ಲಿ ನಡುಕ ಎಂದು ಕೈಗೇ ತಿಳಿಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ನನಗೆ ಯಂತ್ರ ಒಪ್ಪಿಸುತ್ತಿದ್ದವನು ಅಂಚೆಟ್ಟಿ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು. ದಿನಕ್ಕೆ ಬೆರಳೆಣಿಕೆಯ ಬಸ್ಸಿರುವ ಊರು ಅವನದು. ನಮ್ಮ ಸಾಲಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಕೈಯಿಡುವುದು ಒಂದು ನಿಮಿಷದ ಕೆಲಸ. ನಾವು ಕಾಲು ಗಂಟೆ ನಿಲ್ಲುತ್ತಿದ್ದೆವು. ಅವನ ಹೊಲದ ರಾಗಿ, ನನ್ನ ಮಂಡಿನೋವು, ಕ್ಯಾಂಟೀನಿನ ನೀರು ಸಾಂಬಾರು, ಎಲ್ಲದಕ್ಕೂ ಅಲ್ಲೇ ಪಂಚಾಯಿತಿ.

ಹೋದ ವರ್ಷ ಎಲ್ಲವೂ ಫೋನಿಗೆ ಬಂತು. ಯಂತ್ರಕ್ಕೆ ಸೆನ್ಸರ್ ಅಂಟಿಸಿದರು. ಬಿಸಿಯೂ ನಡುಕವೂ ತಾವೇ ಕ್ಲೌಡಿಗೆ ಹೋಗಿ ಅಲ್ಲಿಂದ ನಮ್ಮ ಆಪ್‌ಗೆ ಇಳಿಯತೊಡಗಿದವು. ಹೋಗುವವರಿಗೆ ಒಂದು ಗೇಟು, ಬರುವವರಿಗೆ ಇನ್ನೊಂದು. ಸುಳ್ಳೇಕೆ, ಮೊದಲ ವಾರ ನನಗೆ ಖುಷಿಯೇ ಆಯಿತು. ಊಟವಾದ ಮೇಲೆ ಕಾಲು ಗಂಟೆ ಹೆಚ್ಚು ಕಾಲು ಚಾಚಬಹುದಿತ್ತು. ಆಮೇಲೆ ಎಂಟು ಗಂಟೆ ಒಂದೂ ಮಾತಿಲ್ಲದೆ ಕಳೆಯುವುದು ಅಭ್ಯಾಸವಾಯಿತು. ಪಕ್ಕದ ಯಂತ್ರದವನು ಫೋನಿನ ಗುಂಪಿನಲ್ಲಿ ದಿನಾ ನಮಗೆಲ್ಲ ಗುಲಾಬಿಯ ಚಿತ್ರ ಕಳಿಸುತ್ತಾನೆ. ತಲೆ ಎತ್ತಿ ನನ್ನ ಮುಖ ನೋಡುವುದಿಲ್ಲ.

ಅಂಚೆಟ್ಟಿಯವನಿಗೆ ಮಾತ್ರ ಆಪ್ ಒಗ್ಗಲಿಲ್ಲ. ಅದರಲ್ಲಿ ಹಸಿರು ಗುರುತು ಒತ್ತಿ, ನನಗೆ ಬೇರೆಯಾಗಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಯಂತ್ರದ ವಿಷಯ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ಮೆಸೇಜ್ ಮಾತ್ರ ಎರಡು ನಿಮಿಷ. ನಾನು ಹತ್ತು ಸೆಕೆಂಡ್ ಕೇಳಿ, ಹೆಬ್ಬೆರಳಿನ ಚಿತ್ರ ಒತ್ತಿ, ಫೋನನ್ನು ಜೇಬಿಗಿಳಿಸುತ್ತಿದ್ದೆ. ಮಿಕ್ಕದ್ದನ್ನು ಟೀ ಹೊತ್ತಿಗೆ ಕೇಳೋಣ ಅಂದುಕೊಳ್ಳುತ್ತಿದ್ದೆ. ಟೀ ಹೊತ್ತಿನಲ್ಲಿ ಗುಂಪಿನ ಗುಲಾಬಿ ನೋಡುತ್ತಾ ಒಬ್ಬನೇ ಕೂರುತ್ತಿದ್ದೆ.

ಒಂದು ಸೋಮವಾರ ಅವನ ಮೆಸೇಜ್ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಸೂಪರ್‌ವೈಸರನ್ನು ಕೇಳಿದೆ. “ಅವನು ಶನಿವಾರವೇ ಕೆಲಸ ಬಿಟ್ಟನಲ್ಲ, ನಿಮಗೆ ಹೇಳಲಿಲ್ಲವೇ?” ಎಂದು ತಮಿಳಿನಲ್ಲಿ ನನ್ನನ್ನೇ ಕೇಳಿದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ವರ್ಷದ ಜೊತೆಗಾರ, ಒಂದು ಮಾತು ಹೇಳಬಾರದೇ? ಜಗಳ ಆಡಲೆಂದೇ ಟೀ ಹೊತ್ತಿನಲ್ಲಿ ಫೋನ್ ತೆಗೆದೆ. ಶನಿವಾರದ ಮೆಸೇಜ್ ಅಲ್ಲೇ ಇತ್ತು, ಅದರ ಕೆಳಗೆ ನನ್ನ ಹೆಬ್ಬೆರಳು. ಈ ಸಲ ಕೊನೆಯವರೆಗೆ ಕೇಳಿದೆ.

“ಅಣ್ಣ, ಬೇರಿಂಗ್ ಒಸಿ ಬಿಸಿ ಐತೆ, ನೋಡ್ಕೊ. ಇನ್ನೊಂದ್ ಮಾತು. ರಾತ್ರಿಯೆಲ್ಲಾ ಹೊಲದಾಗೆ ಆನೆ ಕಾದು, ಬೆಳಗ್ಗೆ ಬಂದು ಮೆಷಿನ್ ತಾವ ನಿಂತ್ಕಳಾಕೆ ಆಗ್ತಿಲ್ಲ. ಇವತ್ತೇ ಕಡೆ. ಗೇಟ್ ಎದುರು ಟೀ ಅಂಗಡೀಲಿ ಕುಂತಿರ್ತೀನಿ. ಟೀಗೆ ಬಿಟ್ಟಾಗ ಬಂದ್ಬುಡು, ನಿನ್ನ ನೋಡ್ಕೊಂಡು ಹೋಯ್ತೀನಿ.”

ಹಿಂದಿನ ಮೆಸೇಜುಗಳನ್ನೂ ತೆಗೆದು ಕೇಳಿದೆ. ಒಂದೂ ಅಳಿಸಿರಲಿಲ್ಲ. ಪ್ರತಿಯೊಂದರ ಕೊನೆಯಲ್ಲೂ ಆನೆ, ತುಳಿದ ರಾಗಿ, ನಿದ್ದೆಯಿಲ್ಲದ ಕಣ್ಣಿನ ಉರಿ. ಆಮೇಲೆ, “ನಿನ್ ಮಂಡಿ ಹೆಂಗೈತಣ್ಣ?” ಯಂತ್ರದ ಯೋಗಕ್ಷೇಮವನ್ನು ಒಂದು ದಿನವೂ ತಪ್ಪದೆ ಕೇಳಿಸಿಕೊಂಡವನು ನಾನು.

ಫೋನ್ ಮಾಡಿದೆ. ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಅವನು ಬೈಯಲಿಲ್ಲ.

“ಹೆಬ್ಬೆಟ್ಟು ಒತ್ತಿದ್ಯಲ್ಲಣ್ಣ, ಬತ್ತೀಯ ಅಂತ್ಲೇ ಕುಂತಿದ್ದೆ,” ಎಂದ. “ಎರಡು ಬಸ್ ಬಿಟ್ಟೆ.”