ಕಾಂಪೌಂಡ್ ಗೋಡೆಯ ವಿಚಾರಣೆ

ಮನೆಗಳ ಚರಂಡಿ ಪೈಪುಗಳಲ್ಲಿ ಕಟ್ಟಿಕೊಂಡದ್ದನ್ನು ಬಿಡಿಸುವುದು ಅವನ ಕಸುಬು. ಬೀದಿಯವರು ಇಟ್ಟ ಹೆಸರು ಜಡ್ಜ್. ಪೈಪಿನಿಂದ ಏನೇ ಹೊರಬರಲಿ, ಅದನ್ನು ಆ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಹರಡಿ, ಮನೆಮಂದಿಯನ್ನೆಲ್ಲ ಕರೆದು, “ಇದು ಯಾರದು?” ಎಂದು ಕೇಳುತ್ತಿದ್ದ. ಉತ್ತರ ಬರುವವರೆಗೆ ಅಂಗಳದ ಚರಂಡಿ ಗುಂಡಿಯ, ಅಂದರೆ ಚೇಂಬರಿನ, ಮುಚ್ಚಳ ಹಾಕುತ್ತಿರಲಿಲ್ಲ. ನಾಚಿಕೆಯಾದರೆ ಜನ ತಿದ್ದಿಕೊಳ್ಳುತ್ತಾರೆಂಬುದು ಅವನ ಸಿದ್ಧಾಂತ. ಹಾಗೆ ಒಮ್ಮೆ ಗೋಡೆಯ ಮುಂದೆ ತಲೆತಗ್ಗಿಸಿ ನಿಂತ ಎದುರುಮನೆಯ ದರ್ಜಿಯ ಸೊಸೆ ಆಮೇಲೆ ಬಹಳ ದಿನ ಹೊಸಿಲು ದಾಟಿರಲಿಲ್ಲ. ಪಾಠ ಕಲಿತಳೆಂದು ಅವನು ತಿಳಿದ.

ಒಂದು ಭಾನುವಾರ ಅವನದೇ ಮನೆಯಲ್ಲಿ, ಸಿಂಕಿಗೆ ಬಿಟ್ಟ ನೀರು ಬಚ್ಚಲಲ್ಲಿ ಉಕ್ಕಿ ಬಂತು. ಕಕ್ಕಸು ಗುಳುಗುಳು ಎಂದಿತು.

“ನೀರು ಒಂದು ಕಡೆ ನಿಂತ್ರೆ ತಡೆ ಆ ಪೈಪಿಂದು, ಎಲ್ಲಾ ಕಡೆ ನಿಂತ್ರೆ ಮೇನ್ ಲೈನಿಂದು. ಏನೇ ಹಾಕಿದೀಯ?” ಎಂದ ಹೆಂಡತಿಗೆ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಳ್ಳೋಳು ನಾನಲ್ಲ ಕಣ್ರೀ.”

“ಇರು, ಗೋಡೆ ಹೇಳುತ್ತೆ.”

ಮನೆಯ ಪಕ್ಕದ ಚೇಂಬರು ತುಂಬಿತ್ತು. ಗೇಟಿನ ಬಳಿಯದು ಒಣಗಿತ್ತು. ಅಂದರೆ ತಡೆ ನಡುವೆ. ಒಣ ಚೇಂಬರಿನಿಂದ ಮೇಲ್ಮುಖವಾಗಿ ಪೈಪಿನೊಳಗೆ ಉದ್ದನೆಯ ತಂತಿ ಸ್ಪ್ರಿಂಗ್ ತುರುಕಿ ತಿರುಗಿಸಿದ. ಅಷ್ಟರಲ್ಲಿ ದರ್ಜಿ ಎದುರಿನಿಂದ ಬಂದು ಗೇಟಿಗೆ ಒರಗಿದ್ದ.

“ಏನ್ ಸಾಹೇಬ್ರೇ, ಇವತ್ತು ಕೋರ್ಟು ಮನೇಲೇನಾ?”

ಸ್ಪ್ರಿಂಗಿನ ತುದಿಗೆ ಏನೋ ಕಚ್ಚಿಕೊಂಡಿತು. ಎಳೆದ. ತುಂಬಿದ ನೀರು ಧಡಕ್ಕನೆ ಇಳಿದುಹೋಯಿತು. ಹಿಂದೆಯೇ ಒಂದು ಮುದ್ದೆ ಬಟ್ಟೆ ಬಂತು. ಅಭ್ಯಾಸಬಲದಿಂದ ಗೋಡೆಯ ಮೇಲೆ ಬಿಡಿಸಿ ಹರಡಿದ ಮೇಲೆಯೇ ಅವನು ನೋಡಿದ್ದು: ನೀಲಿ ಪಟ್ಟೆಯ ಹಳೆ ಹಾಸಿಗೆ ಹೊದಿಕೆ, ನಾಲ್ಕು ಪದರ ಮಡಚಿ, ಅಂಚು ಹೊಲಿದ ತುಂಡುಗಳು. ಹೊದಿಕೆ ತಾಯಿಯ ಕೋಣೆಯದು. ಅವಳು ಸೂಜಿದಾರ ಕೇಳಿದಾಗ “ಈ ವಯಸ್ಸಲ್ಲಿ ಯಾರಿಗಮ್ಮಾ ಲಂಗ?” ಎಂದು ನಕ್ಕವನು ಅವನೇ.

ಕಿಟಕಿಯಲ್ಲಿ ತಾಯಿ ನಿಂತಿದ್ದಳು.

“ಅತ್ತೇದು,” ಎಂದಳು ಹೆಂಡತಿ ಪಿಸುದನಿಯಲ್ಲಿ. “ತೆಗೀರಿ ಮೊದ್ಲು.”

ದರ್ಜಿ ಬಿಡಲಿಲ್ಲ. “ತೆಗೆಯೋದಾ? ನಮ್ಮನೇದು ಸಂಜೆವರೆಗೂ ಇತ್ತಪ್ಪ. ಕೇಳಿ ಸಾಹೇಬ್ರೇ, ಇದು ಯಾರದು?”

“ನಂದು,” ಎಂದ ಅವನು.

“ನಿಂದಾ!”

“ನಂದೇ. ನಿದ್ದೇಲಿ ಉಚ್ಚೆ ತಡ್ಕೊಳ್ಳಕ್ಕಾಗಲ್ಲ ನಂಗೆ. ಸಾಕಾ?”

ದರ್ಜಿ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಬಗ್ಗಿ ಅಂಚಿನ ಹೊಲಿಗೆ ನೋಡಿದ. ವಯಸ್ಸಾದ, ನಡುಗುವ ಕೈಯ ಹೊಲಿಗೆ. ನಗು ನಿಂತಿತು. ಕಿಟಕಿಯತ್ತ ನೋಡದೆ ಮನೆಗೆ ಹೋದ.

ಒಳಗೆ ತಾಯಿ ಗೋಡೆಗೆ ಮುಖಮಾಡಿ ಮಲಗಿದ್ದಳು.

“ಬೀದಿ ನಗುತ್ತೆ ಕಣೋ ನಿನ್ನ ನೋಡಿ.”

“ನಗ್ಲಿ ಬಿಡು. ನಂಗೊಂದು ಮಾತು ಹೇಳಬಾರದಿತ್ತೇನಮ್ಮಾ? ಕಕ್ಕಸಿಗೆ ಹಾಕೋ ಬದಲು ಕಸದ ಬುಟ್ಟಿಗಾದ್ರೂ ಹಾಕಬಹುದಿತ್ತು.”

“ಬುಟ್ಟೀಲಿ ಹಾಕಿದ್ರೆ ಯಾರದು ಅಂತ ಕೇಳ್ತಿರಲಿಲ್ವಾ ನೀನು?”

ಕೇಳುತ್ತಿದ್ದ. ಅದು ಅವನಿಗೆ ಗೊತ್ತಿತ್ತು. ಹೊರಗೆ ಬಂದು ತುಂಡುಗಳನ್ನು ಚೀಲಕ್ಕೆ ತುಂಬಿದ. ಗೋಡೆಯನ್ನು ಎರಡು ಸಲ ತೊಳೆದ. ಚೇಂಬರು ಇನ್ನೂ ಬಾಯ್ತೆರೆದುಕೊಂಡಿತ್ತು. ಎದುರು ಬಾಗಿಲಲ್ಲಿ ದರ್ಜಿಯ ಸೊಸೆ ನಿಂತಿದ್ದಳು. ಮುಚ್ಚಳ ಎಳೆದು ಕೂರಿಸಿ ಮುಗಿಸುವವರೆಗೂ ಅವನು ತಲೆಯೆತ್ತಲಿಲ್ಲ.