ಹಳ್ಳಕ್ಕೆ ಎಸೆದ ಉಣ್ಣೆ

ಬಕೆಟ್ಟಿಗೆ ನಲ್ಲಿ ಬಿಟ್ಟು ನಿಂತಾಗಲೆಲ್ಲ ನನಗೆ ದೇವಸಮುದ್ರದ ಹತ್ತಿರದ ಆ ಹಳ್ಳ ಕಾಣುತ್ತದೆ. ತೊಂಬತ್ತರ ದಶಕದ ಕೊನೆ. ನಾನು ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ರಜೆಗೆಂದು ಚಳ್ಳಕೆರೆಯಲ್ಲಿ ಬಸ್ ಹಿಡಿದು ಅವ್ವನ ತಮ್ಮನ ಊರಿಗೆ ಹೋಗಿದ್ದೆ. ಮಾವ ಕುರಿ ಕಾಯುತ್ತಿದ್ದ. ಕುರಿಗಳನ್ನು ತೆಲುಗಿನಲ್ಲಿ ಬೈಯುತ್ತಿದ್ದ, ನನ್ನನ್ನು ಕನ್ನಡದಲ್ಲಿ.

ಮಧ್ಯಾಹ್ನ ಮೇಯಿಸಿಕೊಂಡು ವಾಪಸು ಬಂದರೆ, ಬೆಳಿಗ್ಗೆ ಒಣಗಿದ್ದ ಹಳ್ಳದಲ್ಲಿ ಕೆಂಪು ನೀರು. ನಮ್ಮ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಮಳೆ ಎಲ್ಲೋ ಗುಡ್ಡದ ಕಡೆ ಸುರಿದಿತ್ತು. ಇಂಥ ಹೊತ್ತಿನಲ್ಲಿ ಮಾವ ಕಂಬಳಿಯಿಂದ ಚೂರು ಉಣ್ಣೆ ಕಿತ್ತು ನೀರಿಗೆ ಎಸೆದು, ಅದು ಹೋಗುವ ಜೋರು ನೋಡಿ ಆಮೇಲೆ ಇಳಿಯುತ್ತಿದ್ದ. ಆ ವರ್ಷ ಅವನ ಕಣ್ಣಿಗೆ ಪೊರೆ ಬಂದಿತ್ತು. ಉಣ್ಣೆಯನ್ನು ನನ್ನ ಕೈಗೆ ಕೊಟ್ಟ.

"ನೀನೇ ನೋಡಲೇ ಅಳಿಯ. ಅಷ್ಟು ಓದೀಯಲ್ಲ, ಒಂದು ದಿನನಾದ್ರೂ ಉಪಯೋಗಕ್ಕೆ ಬರ್ಲಿ."

ನಾನು ಅದನ್ನು ದಡದ ಅಂಚಿನ ನೀರಿಗೇ ಹಾಕಿದೆ. ಉಣ್ಣೆ ನೊರೆಯ ನಡುವೆ ಅಲ್ಲೇ ಸುತ್ತಿತು; ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಹಿಂದಿನ ತಿಂಗಳಷ್ಟೇ ತರಗತಿಯಲ್ಲಿ ಐಸೊಟ್ರೊಪಿ ಓದಿದ್ದೆ: ಯಾವ ದಿಕ್ಕಿಗೆ ತಿರುಗಿ ಅಳೆದರೂ ಒಂದೇ ಥರ ಇರುವ ಗುಣ. ಜೋರಾಗಿ ಕದಡಿದ ನೀರಿನ ಸಣ್ಣ ಸಣ್ಣ ಸುಳಿಗಳು, ನೀರು ಯಾವ ಕಡೆಯಿಂದ ಬಂತು ಎಂಬುದನ್ನೇ ಮರೆತಿರುತ್ತವೆ ಎಂದು ಮೇಷ್ಟ್ರು ಹೇಳಿದ್ದು ನನಗೆ ಬಹಳ ಹಿಡಿಸಿತ್ತು. ಅದೇ ಕಣ್ಣೆದುರು ನಡೆಯುತ್ತಿದೆಯೆಂದು ಹಿಗ್ಗಿದೆ.

"ಎತ್ತಲಾಗೂ ಸೆಳೆತ ಇಲ್ಲ ಮಾವ. ಎಲ್ಲಾ ಕಡೆಗೂ ಒಂದೇ ಐತೆ."

"ಹಂಗಾದ್ರೆ ಸರಿ" ಎಂದು ಮರಿಯೊಂದನ್ನು ಹೆಗಲಿಗೆ ಹಾಕಿಕೊಂಡು ಇಳಿದ.

ಹತ್ತು ಹೆಜ್ಜೆ ಹೋಗಿರಬೇಕು. ನೀರು ತೊಡೆ ಮುಟ್ಟಿತು, ಕೋಲು ವಾಲಿತು, ಆಮೇಲೆ ಅವನ ರುಮಾಲು ಮಾತ್ರ ಕಾಣುತ್ತಿತ್ತು. ನಾನು ಕೂಗಿದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ದಡದ ಮೇಲೆ ಓಡಿದೆ. ಕೆಳಗೆ, ನೀರಿಗೆ ಬಾಗಿದ್ದ ಜಾಲಿ ಗಿಡಕ್ಕೆ ಕಂಬಳಿ ಸಿಕ್ಕಿಕೊಂಡಿತ್ತು; ಕಂಬಳಿ ಹಿಡಿದುಕೊಂಡು ಅವನು. ಗಿಡ ತಬ್ಬಿ ಕೈ ಚಾಚಿ ಎಳೆದೆ. ಮರಿ ಇರಲಿಲ್ಲ.

ಮನೆಯಲ್ಲಿ ಅತ್ತೆ ಕೇಳಿದಾಗ ಮಾವ "ಕಾಲು ಜಾರಿತು" ಎಂದಷ್ಟೇ ಹೇಳಿ, ಅಂಗೈಯ ಮುಳ್ಳು ಕೀಳುತ್ತಾ ಕೂತ.

ಹಾಸ್ಟೆಲ್ಲಿಗೆ ಮರಳಿ ನೋಟ್ಸ್ ತೆಗೆದೆ. ನನ್ನದೇ ಅಕ್ಷರದಲ್ಲಿತ್ತು: ಹರಿವಿನ ಸರಾಸರಿ ವೇಗವನ್ನು ಕಳೆದ ಮೇಲೆ ಉಳಿಯುವ ಏರಿಳಿತಗಳಿಗೆ ಮಾತ್ರ 'ಎಲ್ಲ ದಿಕ್ಕಿಗೂ ಒಂದೇ' ಎಂಬ ಮಾತು. ಹಾಳೆಯ ಮೇಲೆ ಒಂದು ಗೆರೆಯಲ್ಲಿ ಕಳೆದುಬಿಡುವ ಆ ವೇಗದೊಳಗೆ ಮಾವ ತೊಡೆಮಟ್ಟ ನಿಂತಿದ್ದ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಸರಿಯಾಗಿಯೇ ಬರೆದೆ.

ಮುಂದಿನ ಮಳೆಗಾಲ ಮತ್ತೆ ಅದೇ ಹಳ್ಳ, ಅದೇ ಕೆಂಪು ನೀರು. ಮಾವ ಉಣ್ಣೆ ಕಿತ್ತು ನನ್ನತ್ತ ಚಾಚಿದ. ನಾನು ಹಿಂದೆ ಸರಿದೆ.

"ಬ್ಯಾಡ ಮಾವ. ನಾನು ಹೇಳಲ್ಲ."

"ಮತ್ಯಾರು ನೋಡ್ತಾರಲೇ, ಟಗರು ನೋಡ್ತೈತಾ?"

ಉಣ್ಣೆಯನ್ನು ಒಣ ಕಡ್ಡಿಗೆ ಸುತ್ತಿ, ಮೈಬಲವೆಲ್ಲ ಹಾಕಿ ನಡುನೀರಿಗೆ ಎಸೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಜಾಲಿ ಗಿಡ ದಾಟಿ ಹೋಯಿತು.

"ಏನಾತು?"

"ಕುಂತ್ಕೋ ಮಾವ."

ಕಂಬಳಿ ಹಾಸಿ ಕೂತೆವು. ಮಾವ ಕೋಲನ್ನು ಪಕ್ಕಕ್ಕೆ ಇಟ್ಟ; ನೀರು ಇಳಿದ ಮೇಲೇ ಎದ್ದೆವು.